ನಟ್‌ಎಕ್ಸ್ ಮೇಲೆ ಕ್ಯಾನ್ ಡ್ರೈವರ್ ಬರೆದ ನನ್ನ ಅನುಭವ

ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಪ್ಯಾಕ್ ಕಳಿಸುವ ಮಾಹಿತಿಯನ್ನೆಲ್ಲ ಎಸ್‌ಡಿ ಕಾರ್ಡಿಗೆ ಬರೆದಿಡುವ ಪುಟ್ಟ ಲಾಗರ್ ಒಂದು ಬೇಕಿತ್ತು. ಪ್ಯಾಕ್ ಮಾತಾಡುವುದು ಕ್ಯಾನ್ ಬಸ್ ಮೇಲೆ (ಗಾಡಿಯ ಭಾಗಗಳು ಒಂದೇ ಜೋಡಿ ತಂತಿಯಲ್ಲಿ ಸಂದೇಶ ಹಂಚಿಕೊಳ್ಳುವ ವ್ಯವಸ್ಥೆ), ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ. ನಮ್ಮ ಬೋರ್ಡಿನಲ್ಲಿ ಇದ್ದದ್ದು ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್. ಅದರೊಳಗೇ ಕ್ಯಾನ್ ಕಂಟ್ರೋಲರ್ ಇದೆಯಲ್ವಾ, ಹೊರಗೆ ಎಂಸಿಪಿ2515 ಅನ್ನುವ ಬೇರೆ ಕ್ಯಾನ್ ಕಂಟ್ರೋಲರ್ ಚಿಪ್ ಯಾಕೆ ಅಂತ ಕೇಳಬಹುದು. ಈ ಎಫ್103ರಲ್ಲಿ ಯುಎಸ್‌ಬಿ, ಕ್ಯಾನ್ ಎರಡಕ್ಕೂ ಸೇರಿ ಒಂದೇ 512 ಬೈಟ್ ಮೆಮೊರಿ. ಒಂದು ಓಡುವಾಗ ಇನ್ನೊಂದು ಓಡಲ್ಲ. ಡೇಟಾ ಇಳಿಸಿಕೊಳ್ಳೋಕೆ ನಮಗೆ ಯುಎಸ್‌ಬಿ ಬೇಕೇ ಬೇಕಿತ್ತು. ಹಾಗಾಗಿ ಕ್ಯಾನ್ ಹೊರಗೆ ಹೋಯಿತು, ಎಸ್‌ಪಿಐ (ಚಿಪ್ಪುಗಳನ್ನು ಜೋಡಿಸುವ ಸೀರಿಯಲ್ ಸಂಪರ್ಕ) ಮೂಲಕ.

ಓಎಸ್ ಆಗಿ, ಇಂಥ ಪುಟ್ಟ ಚಿಪ್ಪುಗಳಿಗೆ ಹೊಂದುವ ನಟ್‌ಎಕ್ಸ್ ಆರಿಸಿಕೊಂಡೆವು. ಗ್ರೆಗರಿ ನಟ್ 2007ರಲ್ಲಿ ಬಿಡುಗಡೆ ಮಾಡಿದ್ದು, ಈಗ ಅಪಾಚೆ ಫೌಂಡೇಶನ್ನಿನ ಕೆಳಗಿದೆ. ಇಲ್ಲಿ ಕ್ಯಾನ್ ಡ್ರೈವರ್ (ಚಿಪ್ಪನ್ನು ಓಎಸ್ ಜೊತೆ ಜೋಡಿಸುವ ಕೋಡ್) ಎರಡು ಭಾಗವಾಗಿದೆ. ಅಪ್ಪರ್ ಹಾಫ್ ಓಎಸ್ ಜೊತೆಗೇ ಬರುತ್ತದೆ. ಅಪ್ಲಿಕೇಶನ್ನಿಗೆ ಕಾಣುವ ಡಿವೈಸ್ ಫೈಲು, ಕ್ಯೂ, ಕಾಯುತ್ತಿರುವ ಥ್ರೆಡ್ಡನ್ನು ಎಬ್ಬಿಸುವುದು ಎಲ್ಲ ಅದರ ಪಾಲು. ಲೋವರ್ ಹಾಫ್ ಚಿಪ್ಪಿಗೆ ಸಂಬಂಧಪಟ್ಟಿದ್ದು. ರಿಸೆಟ್, ಸೆಟಪ್, ಸೆಂಡ್, ಕಳಿಸೋಕೆ ಜಾಗ ಇದೆಯಾ ಅಂತ ಹೇಳುವ ಫಂಕ್ಷನ್, ಹೀಗೆ ಒಂದಷ್ಟನ್ನು ತುಂಬಿಕೊಡಬೇಕು. ಫ್ರೇಮ್ (ಕ್ಯಾನ್ ಬಸ್ಸಿನ ಒಂದು ಸಂದೇಶ) ಬಂದರೆ ಒಂದು ಫಂಕ್ಷನ್ ಕರೆಯಬೇಕು, ಕಳಿಸಿ ಆದರೆ ಇನ್ನೊಂದು. ಎಂಸಿಪಿ2515ಕ್ಕೆ ನಟ್‌ಎಕ್ಸ್‌ನಲ್ಲಿ ಡ್ರೈವರ್ ಇದ್ದೇ ಇದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ನಮ್ಮದನ್ನು ಬೇರೆ ಬರೆದೆ. ಯಾವ ಫ್ರೇಮ್ ಎಲ್ಲಿ ಕಳೆದುಹೋಯಿತು ಅನ್ನುವ ಲೆಕ್ಕ ನಮ್ಮ ಕೈಯಲ್ಲಿರಬೇಕಿತ್ತು.

ಕೋಡಿಗೆ ಮೊದಲು ಹಾರ್ಡ್‌ವೇರ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಎಂಸಿಪಿ2515ರ ನೀಲಿ ಮಾಡ್ಯೂಲ್ ಪ್ರಯೋಗಕ್ಕೆ ಸಾಕು. ಆದರೆ ಅದರ ಮೇಲೆ ಸಾಮಾನ್ಯವಾಗಿ ಇರುವುದು 8 ಮೆಗಾಹರ್ಟ್ಜ್ ಕ್ರಿಸ್ಟಲ್. 500 ಕಿಲೋಬಿಟ್‌ಗೆ ಒಂದು ಬಿಟ್ ಅಂದರೆ 2 ಮೈಕ್ರೋಸೆಕೆಂಡ್. ಈ ಕ್ರಿಸ್ಟಲ್ಲಿನಲ್ಲಿ ಅದನ್ನು ಎಂಟೇ ತುಂಡು ಮಾಡಬಹುದು. ಬಿಟ್ಟಿನ ಬೆಲೆ ಓದಿದ ನಂತರ ಉಳಿಯುವ ಕೊನೆಯ ಸೆಗ್ಮೆಂಟಿಗೆ ಚಿಪ್ ಕನಿಷ್ಠ ಎರಡು ತುಂಡು ಕೇಳುತ್ತದೆ. ಹಾಗಾಗಿ ಸ್ಯಾಂಪಲ್ ಪಾಯಿಂಟ್, ಅಂದರೆ ಬಿಟ್ಟಿನ ಬೆಲೆ ಓದುವ ಜಾಗ, ಶೇ. 75 ದಾಟಲ್ಲ. ಪ್ಯಾಕ್ ಇಟ್ಟುಕೊಂಡಿದ್ದು ಶೇ. 87.5. ಚಿಕ್ಕ ವೈರಿನಲ್ಲಿ ಹೇಗೋ ನಡೆದುಬಿಡುತ್ತದೆ, ಗಾಡಿಯ ಉದ್ದ ವೈರಿಂಗ್‌ನಲ್ಲಿ ಅದನ್ನು ನಂಬೋಕಾಗಲ್ಲ. 16 ಮೆಗಾಹರ್ಟ್ಜ್ ಹಾಕಿದರೆ ಹದಿನಾರು ತುಂಡು ಸಿಗುತ್ತವೆ, 87.5 ಸರಿಯಾಗಿ ಕೂರುತ್ತದೆ. ನಮ್ಮ ಬೋರ್ಡಿಗೆ ಅದನ್ನೇ ಹಾಕಿದೆವು. ಮಾಡ್ಯೂಲಿನ ಟಿಜೆಎ1050 ಟ್ರಾನ್ಸೀವರಿಗೆ (ಬಸ್ಸಿನ ತಂತಿಗೆ ಸಿಗ್ನಲ್ ಕೊಡುವ, ತೆಗೆದುಕೊಳ್ಳುವ ಚಿಪ್) 5 ವೋಲ್ಟ್ ಬೇಕು, ಅದರ ಬದಲು 3.3 ವೋಲ್ಟಿನ ಎಸ್‌ಎನ್65ಎಚ್‌ವಿಡಿ230 ಬಂತು. ಇನ್ನೊಂದು, ಕ್ಯಾನ್ ಹೈ ಮತ್ತು ಲೋ ತಂತಿಗಳ ನಡುವೆ ಪವರ್ ಆಫ್ ಮಾಡಿ ಮಲ್ಟಿಮೀಟರ್ ಇಡಿ. ಬಸ್ಸಿನ ಎರಡು ತುದಿಯ ಟರ್ಮಿನೇಟರ್ ರೆಸಿಸ್ಟರುಗಳು ಸೇರಿ 60 ಓಮ್ ಬರಬೇಕು. 40 ಬಂದರೆ ಯಾರೋ ಮೂರನೇ ಟರ್ಮಿನೇಟರ್ ಹಾಕಿದ್ದಾರೆ, ಬಹುಶಃ ಮಾಡ್ಯೂಲಿನ ಜಂಪರ್.

ಚಿಪ್ ಬದುಕಿದೆಯಾ ಅಂತ ನೋಡೋದು ಸುಲಭ. ರಿಸೆಟ್ ಕಮಾಂಡ್ ಕೊಟ್ಟು ಕಂಟ್ರೋಲ್ ರಿಜಿಸ್ಟರ್ ಓದಿದರೆ ಹೆಕ್ಸ್ 87, ಸ್ಟೇಟಸ್ ಓದಿದರೆ ಹೆಕ್ಸ್ 80. ಬರೀ ಸೊನ್ನೆ ಅಥವಾ ಎಫ್ಎಫ್ ಬಂದರೆ ಎಸ್‌ಪಿಐ ವೈರಿಂಗ್ ನೋಡಿ. ಚಿಪ್ ತಡೆಯುವುದು 10 ಮೆಗಾಹರ್ಟ್ಜ್‌ವರೆಗೆ. ಎಫ್103ರಲ್ಲಿ ಅದರೊಳಗೆ ಸಿಗುವ ಅತಿ ಹೆಚ್ಚು 9. ಆಮೇಲೆ ಲೂಪ್‌ಬ್ಯಾಕ್, ಅಂದರೆ ಚಿಪ್ ಕಳಿಸಿದ್ದನ್ನು ಒಳಗೇ ತಾನೇ ಓದಿಕೊಳ್ಳುವ ಪರೀಕ್ಷೆ. ಅದಾದ ಮೇಲೆ ಲಿಸನ್ ಓನ್ಲಿ, ಬರೀ ಕೇಳಿಸಿಕೊಳ್ಳುವ ಸ್ಥಿತಿ.

ಲಿಸನ್ ಓನ್ಲಿಯಲ್ಲಿ ನಮ್ಮ ಕಡೆಯಿಂದ ಬಸ್ಸಿಗೆ ಒಂದು ಬಿಟ್ ಕೂಡ ಹೋಗಲ್ಲ, ಫ್ರೇಮ್ ಸಿಕ್ಕಿತು ಅನ್ನುವ ಅಕ್ನಾಲೆಜ್ ಕೂಡ ಇಲ್ಲ. ಗಾಡಿಯಲ್ಲಿ ಇದು ಚೆನ್ನಾಗಿದೆ, ಮೋಟಾರ್ ಕಂಟ್ರೋಲರ್ ಅಕ್ನಾಲೆಜ್ ಕೊಡುತ್ತದೆ. ಟೇಬಲ್ ಮೇಲೆ ಪ್ಯಾಕ್ ಮತ್ತು ಲಾಗರ್ ಎರಡೇ ಇದ್ದಾಗ ಮಾತ್ರ ವಿಚಿತ್ರ. ಪ್ಯಾಕಿಗೆ ಉತ್ತರವೇ ಸಿಗದೆ ಒಂದೇ ಫ್ರೇಮನ್ನು ಬಿಡದೆ ಕಳಿಸುತ್ತಿರುತ್ತದೆ. ಇದು ಡ್ರೈವರಿನ ದೋಷ ಅಂತ ಹುಡುಕುತ್ತಾ ಕೂರಬೇಡಿ.

ಈಗ ಇಂಟರಪ್ಟ್, ಅಂದರೆ ನಡೆಯುತ್ತಿರುವ ಕೆಲಸ ತಡೆದು ಪ್ರೊಸೆಸರನ್ನು ಕರೆಯುವ ಸೂಚನೆ. ಕೆಲಸ ಜಾಸ್ತಿ ಹಿಡಿಸಿದ್ದು ಇಲ್ಲೇ. ಎಂಸಿಪಿ2515ರ ಇಂಟರಪ್ಟ್ ಪಿನ್, ಒಳಗಿನ ಯಾವುದೇ ಫ್ಲ್ಯಾಗ್ (ಏನೋ ಆಗಿದೆ ಅನ್ನುವ ಗುರುತಿನ ಬಿಟ್) ಬಾಕಿ ಇರುವವರೆಗೂ ಕೆಳಗೇ ಇರುತ್ತದೆ. ಎಸ್‌ಟಿಎಂ32ರ ಹೊರಗಿನ ಇಂಟರಪ್ಟಿಗೆ ಗೊತ್ತಾಗುವುದು ಪಿನ್ ಮೇಲಿನಿಂದ ಕೆಳಗೆ ಇಳಿಯುವ ಅಂಚು ಮಾತ್ರ. ಒಂದು ಫ್ರೇಮ್ ಓದಿ ಹೊರಡುವಷ್ಟರಲ್ಲಿ ಎರಡನೆಯದು ಬಂದಿದ್ದರೆ ಪಿನ್ ಮೇಲೇಳುವುದೇ ಇಲ್ಲ. ಅಂಚು ಇಲ್ಲ, ಇಂಟರಪ್ಟ್ ಇಲ್ಲ, ಲಾಗರ್ ಗಪ್‌ಚಿಪ್. ಬಸ್ ಖಾಲಿ ಇದ್ದಾಗ ಎಲ್ಲ ಸರಿ, ಟ್ರಾಫಿಕ್ ಏರಿದ ಕೂಡಲೇ ನಿಂತುಬಿಡುತ್ತದೆ ಅಂದರೆ ಮೊದಲು ನೋಡಬೇಕಾದ ಜಾಗ ಇದು. ಪರಿಹಾರ ಅಂದರೆ, ಪಿನ್ ಮೇಲೇಳುವವರೆಗೂ ಫ್ಲ್ಯಾಗ್ ಓದುತ್ತಾ ಲೂಪಿನಲ್ಲೇ ಇರುವುದು. ಫ್ಲ್ಯಾಗ್ ಅಳಿಸುವಾಗ ಇಡೀ ರಿಜಿಸ್ಟರಿಗೆ ಸೊನ್ನೆ ಬರೆಯಬಾರದು. ಆ ಕ್ಷಣದಲ್ಲಿ ಬಂದ ಹೊಸ ಫ್ಲ್ಯಾಗ್ ಕೂಡ ಹೋಗುತ್ತದೆ. ಬಿಟ್ ಮಾಡಿಫೈ ಕಮಾಂಡಿನಿಂದ ನಾವು ನೋಡಿ ಮುಗಿಸಿದ ಬಿಟ್ ಅಷ್ಟನ್ನೇ ಅಳಿಸಬೇಕು.

ಈ ಲೂಪ್ ಇಂಟರಪ್ಟ್ ಒಳಗೆ ಓಡುವಂತಿಲ್ಲ. ಎಸ್‌ಪಿಐ ಬಳಸೋಕೆ ಲಾಕ್ ಬೇಕು, ಲಾಕ್ ಸಿಗದಿದ್ದರೆ ಕಾಯಬೇಕು, ಇಂಟರಪ್ಟ್ ಒಳಗೆ ಕಾಯೋಕಾಗಲ್ಲ. ಇಂಟರಪ್ಟ್ ಬಂದಾಗ ಹೈ ಪ್ರಯಾರಿಟಿ ವರ್ಕ್ ಕ್ಯೂಗೆ ಒಂದು ಕೆಲಸ ಹಾಕಿ ಹೊರಬರುವುದು, ಅಷ್ಟೇ. ಆ ಕೆಲಸ ಶುರುವಾಗೋಕೆ ಎಷ್ಟು ಹೊತ್ತು ಇದೆ? ಚಿಪ್ಪಿನಲ್ಲಿ ರಿಸೀವ್ ಬಫರ್ ಎರಡೇ. ಎಂಟು ಬೈಟಿನ ಸ್ಟ್ಯಾಂಡರ್ಡ್ ಫ್ರೇಮ್ ಕನಿಷ್ಠ 111 ಬಿಟ್, ಅಂದರೆ 222 ಮೈಕ್ರೋಸೆಕೆಂಡ್. ಸಾಲಾಗಿ ಬಂದರೆ ಮೂರನೆಯದು ಮುಗಿಯುವುದರೊಳಗೆ, ಅಂದರೆ ಸುಮಾರು 440 ಮೈಕ್ರೋಸೆಕೆಂಡಿನಲ್ಲಿ, ಒಂದಾದರೂ ಬಫರ್ ಖಾಲಿ ಮಾಡಿರಬೇಕು. ಒಂದು ಫ್ರೇಮನ್ನು ಎಸ್‌ಪಿಐನಲ್ಲಿ ಎಳೆದುಕೊಳ್ಳೋಕೆ 13 ಮೈಕ್ರೋಸೆಕೆಂಡ್ ಸಾಕು. ಹಾಗಾದರೆ ಬೇಕಾದಷ್ಟು ಸಮಯ ಇದೆ ಅನ್ನಿಸುತ್ತದೆ.

ಆದರೆ ಬೋರ್ಡಿನ ಮೊದಲ ಆವೃತ್ತಿಯಲ್ಲಿ ಎಸ್‌ಡಿ ಕಾರ್ಡ್ ಕೂಡ ಅದೇ ಎಸ್‌ಪಿಐ ಮೇಲಿತ್ತು. ಬರೆಯುವಾಗ ಕಾರ್ಡ್ 250 ಮಿಲಿಸೆಕೆಂಡ್‌ವರೆಗೂ ಬ್ಯುಸಿ ಅನ್ನಬಹುದು, ಸ್ಪೆಸಿಫಿಕೇಶನ್ನೇ ಅವಕಾಶ ಕೊಟ್ಟಿದೆ. ಅಷ್ಟು ಹೊತ್ತೂ ಲಾಕ್ ಕಾರ್ಡ್ ಡ್ರೈವರಿನ ಕೈಯಲ್ಲಿ. ತುಂಬಿದ ಬಸ್ಸಿನಲ್ಲಿ ಆ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ಫ್ರೇಮ್ ಹೋಗಿರುತ್ತವೆ. ಪ್ರಯಾರಿಟಿ ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ. ಕ್ಯಾನ್ ಚಿಪ್ಪನ್ನು ಎಸ್‌ಪಿಐ2ಕ್ಕೆ ಸರಿಸಿದ ಮೇಲೆ, ಬಫರಿನಲ್ಲಿ ಜಾಗ ಸಿಗದೆ ಫ್ರೇಮ್ ಹೋಯಿತು ಅನ್ನುವ ಓವರ್‌ಫ್ಲೋ ಫ್ಲ್ಯಾಗ್ ಏಳುವುದು ನಿಂತಿತು. ಕಾರ್ಡಿಗೆ ಬರೆಯುವುದು ಬೇರೆ ಥ್ರೆಡ್, ನಡುವೆ ರ‍್ಯಾಮ್‌ನಲ್ಲಿ ರಿಂಗ್ ಬಫರ್.

ಕಳಿಸುವ ಕಡೆ ಒಂದೇ ಮಾತು. ಚಿಪ್ಪಿನಲ್ಲಿ ಮೂರು ಟ್ರಾನ್ಸ್‌ಮಿಟ್ ಬಫರ್ ಇವೆ. ಪ್ರಯಾರಿಟಿ ಒಂದೇ ಆಗಿದ್ದರೆ ದೊಡ್ಡ ನಂಬರಿನ ಬಫರ್ ಮೊದಲು ಹೋಗುತ್ತದೆ, ಮೊದಲು ತುಂಬಿದ್ದಲ್ಲ. ಐಎಸ್‌ಒ-ಟಿಪಿಯಂಥ ಹಲವು ಫ್ರೇಮಿನ ಸಂದೇಶ ಕಳಿಸುವವರಿಗೆ ಇದರಿಂದ ಕ್ರಮ ಅದಲುಬದಲು. ನಾನು ಒಂದೇ ಬಫರ್ ಬಳಸಿದೆ. ನಮ್ಮ ಅಗತ್ಯಕ್ಕೆ ಅದೇ ಸಾಕಾಯಿತು.

ದೋಷದ ಕೌಂಟರ್‌ಗಳನ್ನು ಅಪ್ಲಿಕೇಶನ್ನಿಗೆ ಕಾಣುವಂತೆ ಒಂದು ಐಒಸಿಟಿಎಲ್ (ಅಪ್ಲಿಕೇಶನ್ ಡ್ರೈವರಿಗೆ ಮಾಡುವ ವಿಶೇಷ ಕರೆ) ಸೇರಿಸಿದೆ. ಫೀಲ್ಡಿನಿಂದ ಫೋನ್ ಬಂದಾಗ ಮೊದಲು ಕೇಳುವುದು ಟ್ರಾನ್ಸ್‌ಮಿಟ್ ಎರರ್ ಕೌಂಟರ್ ಎಷ್ಟಿದೆ ಅಂತಲೇ. ಸರಿಯಾಗಿ 128ಕ್ಕೆ ಬಂದು ನಿಂತಿದ್ದರೆ ಬಸ್ಸಿನಲ್ಲಿ ಉತ್ತರ ಕೊಡುವವರು ಯಾರೂ ಇಲ್ಲ. ಪ್ರತಿ ಸಲ ಎಂಟರಂತೆ ಏರಿ 128 ಮುಟ್ಟಿದ ಮೇಲೆ, ಬರೀ ಅಕ್ನಾಲೆಜ್ ಸಿಗದಿದ್ದಕ್ಕೆ ಎಣಿಕೆ ಮುಂದೆ ಹೋಗಬಾರದು ಅಂತ ಕ್ಯಾನ್ ನಿಯಮವೇ ಇದೆ. ಕನೆಕ್ಟರ್ ಬಿಟ್ಟಿರುತ್ತದೆ, ಇಲ್ಲವೇ ಪ್ಯಾಕ್ ಮಲಗಿರುತ್ತದೆ. 255 ದಾಟಿ ಬಸ್ ಆಫ್ ಆಗಿದ್ದರೆ, ಅಂದರೆ ಚಿಪ್ ಬಸ್ಸಿನಿಂದ ದೂರ ಸರಿದಿದ್ದರೆ, ವೈರ್ ಶಾರ್ಟ್ ಆಗಿದೆಯಾ, ವೇಗ ತಾಳೆಯಾಗುತ್ತದೆಯಾ ನೋಡಬೇಕು. ಬಸ್ ಆಫ್‌ನಿಂದ ಈ ಚಿಪ್ ತಾನಾಗಿಯೇ ವಾಪಸ್ ಬರುತ್ತದೆ. ಸದ್ದಿಲ್ಲದೆ ಬಂದರೆ ನಮಗೆ ಗೊತ್ತಾಗಲ್ಲ ಅಂತ ಪ್ರತಿ ಸಲವೂ ಲಾಗಿನಲ್ಲಿ ಒಂದು ಸಾಲು ಬರೆಯುವಂತೆ ಮಾಡಿದ್ದೇನೆ.