ಸಾಗರದಲ್ಲಿ ಮೈನಸ್ 40 ಡಿಗ್ರಿ: ಒಂದು ಕಪ್ಲರ್ ರಿಪೇರಿಯ ಕತೆ

ಜುಲೈ ತಿಂಗಳ ಮಳೆ. ಸಾಗರದಿಂದ ಶಿವಮೊಗ್ಗಕ್ಕೆ ಕಾರಿನಲ್ಲಿ ಹೊರಟವನಿಗೆ ಆನಂದಪುರ ದಾಟುತ್ತಿದ್ದಂತೆ ಹಳದಿ ಎಂಜಿನ್ ದೀಪ ಹತ್ತಿತು. ಟೆಂಪರೇಚರ್ ಮುಳ್ಳು ತಳಕ್ಕೆ ಬಿತ್ತು, ರೇಡಿಯೇಟರ್ ಫ್ಯಾನು ಮಾತ್ರ ಭರ್ರೆಂದು ತಿರುಗಲು ಶುರುಮಾಡಿತು. ರಸ್ತೆಯ ಗುಂಡಿ ಹಾರಿಸಿದಾಗ ಮುಳ್ಳು ಒಮ್ಮೆ ಮೇಲೆದ್ದು ಮತ್ತೆ ಮಲಗಿತು. ಈ ಗುಂಡಿಯ ವಿಷಯವನ್ನು ಅವತ್ತೇ ಗಮನಕ್ಕೆ ತಂದುಕೊಂಡಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಗ್ಯಾರೇಜಿನವರು ಬಾನೆಟ್ ಎತ್ತಿ, ಸ್ಕ್ಯಾನರ್ ಚುಚ್ಚಿ, "ಸೆನ್ಸರ್ ಹೋಗಿದೆ ಸರ್" ಅಂದರು. ಎಂಜಿನ್ ತಣಿಸುವ ದ್ರವದ ಬಿಸಿ ಅಳೆಯುವ ಕೂಲಂಟ್ ಟೆಂಪರೇಚರ್ ಸೆನ್ಸರ್ ಬದಲಾಯಿಸಿದರು, ದೀಪ ಆರಿತು. ಮೂರನೇ ದಿನ ಮತ್ತೆ ಹತ್ತಿತು. ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ಹೊಸ ಸೆನ್ಸರ್ ಹಾಕುವಾಗ ಕಪ್ಲರ್, ಅಂದರೆ ಸೆನ್ಸರಿಗೆ ಸಿಕ್ಕಿಸುವ ವೈರಿನ ತುದಿಯ ಪ್ಲಗ್ಗು, ಕಳಚಿ ಮತ್ತೆ ಒತ್ತಿರುತ್ತಾರೆ, ಆ ಒತ್ತಿಗೇ ಲೂಸ್ ಕಾಂಟ್ಯಾಕ್ಟ್ ಎರಡು ದಿನ ಸರಿಹೋಗಿರುತ್ತದೆ. ಎಷ್ಟೋ ಒಳ್ಳೆಯ ಸೆನ್ಸರುಗಳು ಗುಜರಿ ಸೇರುವುದು ಹೀಗೆಯೇ.

ನಾನು ಮೆಕ್ಯಾನಿಕ್ ಅಲ್ಲ. ಮನೆಯ ಮೋಟಾರು, ಸ್ಟಾರ್ಟರು ಬಿಚ್ಚಿ ಜೋಡಿಸಿದ ಅಭ್ಯಾಸವಿದೆ, ಒಂದು ಮಲ್ಟಿಮೀಟರ್ ಇದೆ. ಕಾರಿನ ಕಂಪ್ಯೂಟರು ಬರೆದಿಟ್ಟ ದೋಷದ ಕೋಡು ಓದುವ ಬ್ಲೂಟೂತ್ ಒಬಿಡಿ ರೀಡರ್ ಒಂದನ್ನು ತರಿಸಿಕೊಂಡಿದ್ದೆ. ಅದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಪಿ0118 ಎಂಬ ಕೋಡು. ಕೂಲಂಟ್ ಸೆನ್ಸರ್ ಸರ್ಕಿಟ್ಟಿನಲ್ಲಿ ವೋಲ್ಟೇಜ್ ಇರಬೇಕಾದ್ದಕ್ಕಿಂತ ಹೆಚ್ಚು ಎಂದು ಅದರ ಅರ್ಥ. ಲೈವ್ ಡೇಟಾದಲ್ಲಿ ಎಂಜಿನ್ನಿನ ಉಷ್ಣಾಂಶ ಮೈನಸ್ 40 ಡಿಗ್ರಿ! ಸಾಗರದಲ್ಲಿ ಎಷ್ಟೇ ಚಳಿಯಾದರೂ ಅಷ್ಟಿಲ್ಲ ಮಾರಾಯ್ರೆ.

ಈ ಸೆನ್ಸರ್ ಅಂದರೆ ಬಿಸಿಯಾದಂತೆ ರೆಸಿಸ್ಟೆನ್ಸ್ ಕಡಿಮೆಯಾಗುವ ಒಂದು ಬಿಲ್ಲೆ, ಅಷ್ಟೇ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರು, ಅದಕ್ಕೆ 5 ವೋಲ್ಟ್ ಕಳಿಸಿ, ಎಷ್ಟು ಇಳಿಯಿತು ಎಂದು ನೋಡುತ್ತದೆ. ವೈರು ತುಂಡಾದರೆ ವೋಲ್ಟೇಜ್ ಇಳಿಯುವುದೇ ಇಲ್ಲ, ಎಂಜಿನ್ ಹೆಪ್ಪುಗಟ್ಟಿದೆ ಎಂದು ಅದಕ್ಕೆ ಕಾಣುತ್ತದೆ. ಹೇಗೂ ನಂಬಲಾಗದ ಸಂಖ್ಯೆಯೆಂದು, ಎಂಜಿನ್ ಸುಡದಿರಲಿ ಅಂತ ಫ್ಯಾನನ್ನು ಸದಾ ಓಡಿಸುತ್ತದೆ.

ಗ್ಯಾರೇಜಿನವರು ತೆಗೆದುಕೊಟ್ಟ ಹಳೆಯ ಸೆನ್ಸರ್ ಡ್ಯಾಶ್ ಪೆಟ್ಟಿಗೆಯಲ್ಲೇ ಇತ್ತು. ಮೊದಲು ಅದನ್ನೇ ಪರೀಕ್ಷೆಗೆ ಹಚ್ಚಿದೆ. ಅಡುಗೆಮನೆಯಲ್ಲಿ ಪಾತ್ರೆ ಹುಡುಕುತ್ತಿದ್ದಾಗ, "ಅದನ್ನ ಚಾ ಪಾತ್ರೆಗೆ ಮಾತ್ರ ಅದ್ದಬೇಡಿ" ಎಂದು ಹೆಂಡತಿ ಗದರಿದಳು. ಅವಳು ಹೇಳಿದ್ದು ಸರಿಯೇ, ಕೂಲಂಟ್ ವಿಷ. ಬಚ್ಚಲು ಹಂಡೆಯ ಕುದಿನೀರನ್ನು ಹಳೇ ಡಬ್ಬಕ್ಕೆ ಬಗ್ಗಿಸಿಕೊಂಡೆ. ತಣ್ಣಗಿದ್ದಾಗ ಸುಮಾರು 2.4 ಕಿಲೋ ಓಮ್ ತೋರಿಸುತ್ತಿದ್ದ ಮೀಟರು ಬಿಸಿನೀರಿನಲ್ಲಿ ಸರಸರ ಇಳಿದು 300 ಓಮ್ ಹತ್ತಿರ ನಿಂತಿತು. ಹಳೆಯ ಸೆನ್ಸರಿಗೆ ಏನೂ ಆಗಿರಲಿಲ್ಲ.

ಇನ್ನು ವೈರಿನ ಕಡೆ. ಕಪ್ಲರ್ ಕಳಚಿ, ಅದರ ಎರಡು ತೂತುಗಳನ್ನು ಒಂದು ತೆಳು ತಂತಿಯಿಂದ ಸೇರಿಸಿದರೆ ಇಸಿಯು ಈಗ ಎಂಜಿನ್ ವಿಪರೀತ ಕಾದಿದೆ ಎಂದು ತಿಳಿಯಬೇಕು. ಮೈನಸ್ 40 ಇದ್ದದ್ದು ಒಮ್ಮೆಲೇ 130 ದಾಟಬೇಕು. ದಾಟಿದರೆ ವೈರಿಂಗ್ ಸರಿ, ತೊಂದರೆ ಸೆನ್ಸರಿನಲ್ಲಿ ಇಲ್ಲವೇ ಅದರ ಪಿನ್ನಿನ ಕಾಂಟ್ಯಾಕ್ಟಿನಲ್ಲಿ. ತಂತಿ ದಪ್ಪಗಿರಬಾರದು, ಒಳಗಿನ ಟರ್ಮಿನಲ್ಲಿನ ಬಾಯಿ ಅಗಲವಾಗಿ ಹೊಸ ಲೂಸ್ ಕಾಂಟ್ಯಾಕ್ಟ್ ಆದೀತು. ನಾನು ಸೇರಿಸಿದೆ. ಸಂಖ್ಯೆ ಕದಲಲಿಲ್ಲ. ಕಪ್ಲರಿನ ಹಿಂದೆ ವೈರನ್ನು ಹಿಡಿದು ಸ್ವಲ್ಪ ಬಗ್ಗಿಸಿದೆ, ಟಕ್ಕನೆ ಮೇಲಕ್ಕೆ ಹಾರಿತು. ಬಿಟ್ಟೆ, ಮತ್ತೆ ಮೈನಸ್ 40. ಅಲ್ಲಿಗೆ ಕಳ್ಳ ಸಿಕ್ಕ.

ಕೆಲವರು ಇಂಥ ಕಡೆ ಸೂಜಿಮೊನೆಯ ಟೆಸ್ಟ್ ಲ್ಯಾಂಪ್ ತಂದು ವೈರಿಗೆ ಚುಚ್ಚುತ್ತಾರೆ. ಇಸಿಯುಗೆ ಹೋಗುವ ವೈರಿಗೆ ಬಲ್ಬು ಕಟ್ಟುವುದು ಅಪಾಯ, ಅದು ಎಳೆಯುವ ಕರೆಂಟನ್ನು ಆ ಸರ್ಕಿಟ್ ತಡೆಯದು. ಚುಚ್ಚಿದ ತೂತಿನಿಂದ ಮಲೆನಾಡಿನ ಮಳೆನೀರು ಒಳಗಿಳಿದು ಮುಂದಿನ ವರ್ಷಕ್ಕೆ ಇನ್ನೊಂದು ಕೆಲಸ ಮಾಡಿಡುತ್ತದೆ.

ಟಾರ್ಚ್ ಹಿಡಿದು ನೋಡಿದಾಗ ಕತೆಯೆಲ್ಲ ಬಿಚ್ಚಿಕೊಂಡಿತು. ಕಪ್ಲರಿನ ಲಾಕ್ ಮುರಿದಿತ್ತು. ಅದು ಕಳಚದಿರಲೆಂದು ಯಾರೋ ಪ್ಲಾಸ್ಟಿಕ್ ಟೈ ಹಾಕಿ ವೈರನ್ನು ಪೈಪಿಗೆ ಬಿಗಿದಿದ್ದರು. ಯಾರೋ ಅಂದೆನಲ್ಲ, ಆ ಮನುಷ್ಯ ನಾನೇ. ಎರಡು ವರ್ಷದ ಹಿಂದೆ ಹೋಸ್ ಪೈಪ್ ಬದಲಾಯಿಸುವಾಗ, ಬಿಸಿಗೆ ಗಟ್ಟಿಯಾಗಿದ್ದ ಲಾಕನ್ನು ಸ್ಕ್ರೂಡ್ರೈವರಿನಿಂದ ಮೀಟಿ ಮುರಿದಿದ್ದೆ. ಬಿಗಿದ ವೈರು ಎಂಜಿನ್ ನಡುಗಿದಷ್ಟೂ ಸಲ ಒಂದೇ ಕಡೆ ಜಗ್ಗಿ ಜಗ್ಗಿ ಒಳಗಿನ ತಾಮ್ರ ತುಂಡಾಗಿದೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇದೆ. ಇದನ್ನು ಪತ್ತೆ ಮಾಡಲು ವೈರನ್ನು ಮೆಲ್ಲಗೆ ಎಳೆದು ನೋಡಬೇಕು. ತಾಮ್ರ ಇಲ್ಲದ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ಪಿನ್ನಿನ ಮೇಲೆ ಹಸಿರು ಕಿಲುಬು ಬೇರೆ. ವಾಟರ್ ಸರ್ವಿಸಿನಲ್ಲಿ ಬಾನೆಟ್ ತೆಗೆಸಿ ಜೋರು ನೀರು ಹೊಡೆಸಿದ್ದೂ ನಾನೇ.

ಬ್ಯಾಟರಿಯ ಮೈನಸ್ ಟರ್ಮಿನಲ್ಲನ್ನು 10 ನಂಬರ್ ಸ್ಪ್ಯಾನರಿನಲ್ಲಿ ಕಳಚಿ, ವೈರಿನ ಬಣ್ಣಗಳ ಫೋಟೊ ತೆಗೆದು, ಕಪ್ಲರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆ. ಎರಡು ಪಿನ್ನಿನ ಕಪ್ಲರುಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ. ಪಿನ್ನಿನ ಅಗಲ, ಒಳಗಿನ ಕಚ್ಚು, ಲಾಕ್ ಕೂರುವ ಮಗ್ಗುಲು ಎಲ್ಲ ಬೇರೆ ಬೇರೆ. ಹೊಸ ಸೆನ್ಸರನ್ನೂ ಬಿಚ್ಚಿ ಒಯ್ಯುವ ಹಾಗಿಲ್ಲವಲ್ಲ, ಹಾಗಾಗಿ ಹಳೆಯ ಸೆನ್ಸರನ್ನೇ ಅಂಗಡಿಯಲ್ಲಿ ಒಂದೊಂದಕ್ಕೂ ತೂರಿಸಿ ನೋಡಿದೆ. ನಾಲ್ಕನೆಯದು ಸರಿಯಾಗಿ ಕೂತು ಟಕ್ ಎಂದಿತು. ಬಾಲದಂತೆ ವೈರು ಇರುವ ಕಪ್ಲರ್, 150 ರೂಪಾಯಿ. ಸೆನ್ಸರಿಗೆ ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿಯಿತು.

ಕಾರಿನ ಕಡೆಯ ವೈರನ್ನು ಸುಲಿದರೆ ತಾಮ್ರ ಕಪ್ಪಗಾಗಿತ್ತು. ಕಿಲುಬು ಪ್ಲಾಸ್ಟಿಕ್ಕಿನ ಒಳಗೊಳಗೇ ಹಬ್ಬುತ್ತದೆ, ಕಪ್ಪು ತಂತಿಗೆ ಜೋಡಿಸಿದ ಜಾಯಿಂಟ್ ಉಳಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ ಎರಡು ಇಂಚು ಕಳೆದುಕೊಂಡೆ. ಹೊಸ ಬಾಲ ಉದ್ದವಿದ್ದದ್ದರಿಂದ ಬಚಾವು.

ಜಾಯಿಂಟನ್ನು ಸೋಲ್ಡರ್ ಮಾಡಬೇಕೋ (ಸೀಸ ಕರಗಿಸಿ ಬೆಸೆಯುವುದು) ಕ್ರಿಂಪ್ ಮಾಡಬೇಕೋ (ಲೋಹದ ಕೊಳವೆಯೊಳಗಿಟ್ಟು ಟೂಲಿನಿಂದ ಒತ್ತುವುದು) ಎಂಬುದಕ್ಕೆ ಜಗಳವಾಡುವವರಿದ್ದಾರೆ. ನಾನು ಕ್ರಿಂಪಿನ ಪರ. ಕರಗಿದ ಸೀಸ ಎಳೆಗಳ ನಡುವೆ ಏರಿ ವೈರನ್ನು ಕಡ್ಡಿಯಂತೆ ಮಾಡುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲೇ ನಡುಕಕ್ಕೆ ತುಂಡಾಗುತ್ತದೆ. ಸೋಲಾರ್ ಕೆಲಸ ಮಾಡುವ ಪಕ್ಕದ ಮನೆಯ ಹುಡುಗನಿಂದ ಕ್ರಿಂಪಿಂಗ್ ಟೂಲ್ ಕೇಳಿ ತಂದೆ. ಇಕ್ಕಳದಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಆಗುವುದಿಲ್ಲ. ಎರಡು ಜಾಯಿಂಟುಗಳು ಅಕ್ಕಪಕ್ಕ ಬಾರದಂತೆ ಒಂದನ್ನು ಇಂಚಿನಷ್ಟು ಹಿಂದೆ ಮಾಡಿದೆ. ಮೊದಲನೆಯದನ್ನು ಚೆನ್ನಾಗಿ ಒತ್ತಿ, ಎಳೆದು ನೋಡಿ, ಬೀಗುತ್ತಿದ್ದಾಗ ಕಣ್ಣಿಗೆ ಬಿತ್ತು: ಜಾಯಿಂಟ್ ಮುಚ್ಚುವ ಹೀಟ್ ಶ್ರಿಂಕ್ ಸ್ಲೀವು ಇನ್ನೂ ಮೇಜಿನ ಮೇಲೇ ಇದೆ! ಜೋಡಿಸುವ ಮೊದಲೇ ಪೋಣಿಸಬೇಕಿತ್ತು. ಕತ್ತರಿಸಿ ಮತ್ತೆ ಮಾಡಿದೆ.

ಒಳಗೆ ಅಂಟು ಇರುವ ಸ್ಲೀವನ್ನೇ ತಂದಿದ್ದೆ. ಲೈಟರಿನ ಶಾಖಕ್ಕೆ ಅದು ಮುದುಡಿ, ಎರಡೂ ತುದಿಯಲ್ಲಿ ಅಂಟು ಹನಿಯಂತೆ ಇಣುಕಿದರೆ ನೀರು ಹೋಗುವುದಿಲ್ಲ. ಬೆಂಕಿ ಬಳಸುವಾಗ ಪೆಟ್ರೋಲ್ ಪೈಪ್ ಹತ್ತಿರವಿರಬಾರದು. ವಾಸನೆ ಬಂದರಂತೂ ಬೆಂಕಿಯ ಯೋಚನೆಯನ್ನೇ ಬಿಡಬೇಕು. ಮೇಲೆ ಬಟ್ಟೆಯ ಟೇಪ್ ಸುತ್ತಿದೆ. ಮಾಮೂಲಿ ಪಿವಿಸಿ ಟೇಪ್ ಎಂಜಿನ್ ಶಾಖಕ್ಕೆ ಅಂಟಂಟಾಗಿ ಜಾರುತ್ತದೆ. ಕಪ್ಲರಿನ ರಬ್ಬರ್ ಸೀಲಿಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಸ್ವಲ್ಪ ಸವರಿ, ವೈರಿಗೆ ಈ ಸಲ ಸಡಿಲವಾಗಿ ಒಂದು ಬಳಕು ಬಿಟ್ಟು ಕಟ್ಟಿದೆ.

ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನಿನ ಕೀ ತಿರುಗಿಸಿ ನೋಡಿದೆ. ಕೂಲಂಟ್ 24 ಡಿಗ್ರಿ, ಒಳಬರುವ ಗಾಳಿ 23 ಡಿಗ್ರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಇವೆರಡೂ ಹತ್ತಿರಹತ್ತಿರ ಇರಬೇಕು. ಕೋಡು ಅಳಿಸಿ, ಸ್ಟಾರ್ಟ್ ಮಾಡಿ, ಫ್ಯಾನಿಗೆ ಕೈ ಸಿಗದಂತೆ ಜಾಗ್ರತೆಯಿಂದ ವೈರನ್ನು ಅಲ್ಲಾಡಿಸಿದೆ. ಸಂಖ್ಯೆ ಜಿಗಿಯಲಿಲ್ಲ, ನಿಧಾನವಾಗಿ 90ರ ಆಸುಪಾಸಿಗೆ ಏರಿತು. ಫ್ಯಾನು ತಿರುಗಿತು, ಸ್ವಲ್ಪ ಹೊತ್ತಿಗೆ ನಿಂತಿತು. ಆ ನಿಂತ ಸದ್ದಿಗಾಗಿಯೇ ಕಾಯುತ್ತಿದ್ದೆ.

ಬಾನೆಟ್ ಮುಚ್ಚುವ ಮೊದಲು ಹಾರ್ನಿನ ಕಪ್ಲರ್ ಕಡೆ ಕಣ್ಣು ಹೋಯಿತು. ಅಲ್ಲೂ ಹಸಿರು. ದೀಪಾವಳಿ ರಜೆಯವರೆಗೆ ಅದು ಹೇಗೋ ತಡೆದುಕೊಳ್ಳಲಿ.