ಸ್ಟಾರ್ಟ್ ಮಾಡೋ ಮುಂಚೆ ಪೆಟ್ರೋಲ್ ಲೈನ್ ಪರೀಕ್ಷೆ: ನನ್ನ ಅನುಭವ

ಎಷ್ಟೋ ವರ್ಷ ನಿಂತಿದ್ದ ನಮ್ಮ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸೋ) ಮಾರುತಿ 800ಗೆ ಟ್ಯಾಂಕ್ ತೊಳೆಸಿ, ಪಂಪ್, ಫಿಲ್ಟರ್, ರಬ್ಬರ್ ಪೈಪ್ ಎಲ್ಲ ಹೊಸದು ಹಾಕಿಸಿದೆ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಜಾಸ್ತಿ, ಹಳೇ ರಬ್ಬರ್ ನಂಬೋ ಹಾಗಿಲ್ಲ.

ತಕ್ಷಣ ಸೆಲ್ಫ್ ಹೊಡೆಯಲು ಹೋಗಲಿಲ್ಲ. ಐದು ಲೀಟರ್ ಹೊಸ ಪೆಟ್ರೋಲ್ ಹಾಕಿ ಕೀ ಆನ್ ಮಾಡಿದೆ. ಪಂಪ್ ಎರಡು-ಮೂರು ಸೆಕೆಂಡ್ ಗುಂಯ್ ಅಂದು ನಿಂತಿತು. ಅದು ಕೆಟ್ಟಿಲ್ಲ, ಅದರ ಕ್ರಮವೇ ಹಾಗೆ. ಆಫ್, ಆನ್ ಅಂತ ಕೆಲವು ಸಲ ಮಾಡಿದರೆ ಲೈನ್‌ನಲ್ಲಿರೋ ಗಾಳಿ ಹೋಗಿ ಪೆಟ್ರೋಲ್ ತುಂಬುತ್ತೆ.

ಆದರೆ ಲೈನ್‌ಗೆ ಜೋಡಿಸಿದ್ದ ಪ್ರೆಷರ್ ಗೇಜ್‌ನ ಮುಳ್ಳು ಏರಿ, ಪಂಪ್ ನಿಂತ ಕೂಡಲೇ ಇಳಿಯುತ್ತಿತ್ತು. ಪ್ರೆಷರ್ ಹಿಡಿದಿಡೋ ಪಂಪ್‌ನ ವಾಲ್ವೋ, ಇಂಜೆಕ್ಟರೋ, ಹೊರಗಿನ ಸೋರಿಕೆಯೋ? ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಣಗಿದ್ದವು. ಇಂಜೆಕ್ಟರ್ ಸೋರಿದ್ದರೆ ಅವು ಒದ್ದೆಯಾಗಿರಬೇಕಿತ್ತು, ಹಾಗಾಗಿ ಅದರ ಮೇಲೆ ಅನುಮಾನ ಕಮ್ಮಿಯಾಯಿತು. ಪ್ರತಿ ಜಾಯಿಂಟ್‌ಗೂ ಟಿಶ್ಯೂ ಸುತ್ತಿ ಮತ್ತೆ ಕೀ ತಿರುಗಿಸಿದೆ. ಫಿಲ್ಟರ್ ಹತ್ತಿರದ್ದು ಕಾಸಗಲ ಒದ್ದೆ! ಅಲ್ಲಿದ್ದ ಕ್ಲಿಪ್ ಹಲ್ಲು ಸವೆದು ಜಾರುತ್ತಿತ್ತು. ಹೈ ಪ್ರೆಷರ್ ಕ್ಲಿಪ್ ಹಾಕಿದ ಮೇಲೆ ಏರಿದ ಮುಳ್ಳು ಇಳಿಯಲಿಲ್ಲ.

ಬಾನೆಟ್ ತೆರೆದು ಆವಿ ಹೋಗಲು ಬಿಟ್ಟೆ. ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲೇ ಇತ್ತು. ಆಮೇಲೆ ಸೆಲ್ಫ್ ಹೊಡೆದರೆ ಸ್ವಲ್ಪ ಕೆಮ್ಮಿ ಸ್ಟಾರ್ಟ್ ಆಯಿತು.