ಹಳೇ ಟ್ರ್ಯಾಕ್ಟರ್ ಕೊಳ್ಳುವ ಮುನ್ನ ಬಾನೆಟ್ ಮುಟ್ಟಿ ನೋಡಿ

ಮಹೀಂದ್ರ ಬಿ-275, ಮ್ಯಾಸಿ 1035, ಎಚ್‌ಎಂಟಿ 2511. ಇವುಗಳಲ್ಲಿ ಒಂದಾದರೂ ನಿಮ್ಮೂರಲ್ಲಿ ಇನ್ನೂ ಓಡಾಡುತ್ತಿರಬಹುದು, ಅಲ್ವಾ? ಬಿ-275 ಬಂದದ್ದು 1965ರಲ್ಲಿ. ಇವಕ್ಕೆ ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಊರ ಮೆಕ್ಯಾನಿಕ್ ಮರದ ನೆರಳಲ್ಲೇ ಬಿಚ್ಚಿ ಜೋಡಿಸುತ್ತಾನೆ, ಬ್ಯಾಟರಿ ಸತ್ತರೆ ಇಳಿಜಾರಲ್ಲಿ ತಳ್ಳಿದರೂ ಚಾಲೂ ಆಗುತ್ತದೆ. ತೋಟದ ಕೆಲಸಕ್ಕೆ, ಎರಡು ಮೂರು ಎಕರೆ ಉಳುಮೆಗೆ ಇಷ್ಟು ಸಾಕು.

ಮೊದಲು ಬಿಡಿಭಾಗ ವಿಚಾರಿಸಿ. ಎಚ್‌ಎಂಟಿ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಹಾಗಾಗಿ ನಿಮ್ಮ ತಾಲ್ಲೂಕಿನ ಅಂಗಡಿಯಲ್ಲಿ ಕೇಳಿಯೇ ಮುಂದುವರಿಯಿರಿ.

ನೋಡಲು ಬೆಳಿಗ್ಗೆಯೇ ಹೋಗಿ. ಬಾನೆಟ್ ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಚಾಲೂ ಮಾಡಿದ್ದಾರೆ, ತಣ್ಣಗಿದ್ದಾಗ ಚಾಲೂ ಆಗಲು ಎಷ್ಟು ಸತಾಯಿಸುತ್ತದೆ ಅನ್ನೋದು ಗೊತ್ತಾಗುವುದಿಲ್ಲ. ಟೀ ಕುಡಿಯುತ್ತಾ ಕೂತು ತಣ್ಣಗಾಗಲು ಬಿಡಿ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಹಾಕಿದ ಟೀ ಥರ ಇದ್ದರೆ ನೀರು ಸೇರಿದೆ. ಚಾಲೂ ಮಾಡಿದ ಮೇಲೆ ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ, ಎಂಜಿನ್ ಬೋರ್ ಮಾಡಿಸುವ ಖರ್ಚು ಬರಬಹುದು. ಅದು ಚೌಕಾಸಿಗೆ ಒಳ್ಳೇದೇ.

ನಿಜವಾದ ತಲೆನೋವು ಎಂಜಿನ್ ಅಲ್ಲ, ಲಿಫ್ಟು ಮತ್ತು ಬ್ರೇಕು. ನಾನೇ ಒಮ್ಮೆ ಎಂಜಿನ್ ಸದ್ದಿಗೆ, ಹೊಸ ಪೇಂಟಿಗೆ ಮರುಳಾಗಿ ಒಂದನ್ನು ತಂದು, ಬಿತ್ತನೆ ಹೊತ್ತಿಗೆ ಲಿಫ್ಟ್ ಏಳದೆ ಪಕ್ಕದ ಹೊಲದವರ ಎತ್ತು ಕೇಳಬೇಕಾಯಿತು! ನೇಗಿಲನ್ನು ಮೂರು ಕಡೆ ಸಿಕ್ಕಿಸಿ ಹೈಡ್ರಾಲಿಕ್‌ನಿಂದ ಎತ್ತುವ ಉಪಾಯ ಐರಿಷ್ ಎಂಜಿನಿಯರ್ ಹ್ಯಾರಿ ಫರ್ಗ್ಯೂಸನ್‌ನದು. ಅದೇ ಕೆಟ್ಟಿದ್ದರೆ ನಿಮಗೆ ಸಿಕ್ಕಿದ್ದು ಬರೀ ಟ್ರೈಲರ್ ಎಳೆಯೋ ಗಾಡಿ. ಕಲ್ಟಿವೇಟರ್ ಕಟ್ಟಿಸಿ, ಎತ್ತಿಸಿ, ಎಂಜಿನ್ ನಿಲ್ಲಿಸಿ. ನೋಡನೋಡುತ್ತಲೇ ಇಳಿದರೆ ಒಳಗೆಲ್ಲೋ ಆಯಿಲ್ ಸೋರುತ್ತಿದೆ. ಅದರ ಕೆಳಗೆ ಮಾತ್ರ ಕೈಕಾಲು ಇಡಬೇಡಿ.

ಹಳೇ ಗಾಡಿಗಳಲ್ಲಿ ಹೆಚ್ಚಿನವು ಡ್ರೈ ಬ್ರೇಕಿನವು, ಅಂದರೆ ಬ್ರೇಕ್ ಆಯಿಲ್‌ನಲ್ಲಿ ಮುಳುಗಿರುವುದಿಲ್ಲ. ಕೆಸರುಗದ್ದೆಗೆ ಇಳಿದರೆ ನೀರು, ಮಣ್ಣು ಒಳಗೆ ಹೋಗಿ ಹಿಡಿತ ಕಮ್ಮಿಯಾಗುತ್ತದೆ. ಬಯಲಲ್ಲಿ ನಿಧಾನವಾಗಿ ಓಡಿಸಿ, ಎಡ ಬಲ ಚಕ್ರಗಳ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ ಒತ್ತಿ, ಒಂದೇ ಕಡೆ ಎಳೆಯುತ್ತಾ ನೋಡಿ. ಕಬ್ಬಿನ ಲೋಡು ಹೇರಿ ಇಳಿಜಾರಿಗೆ ಹೋಗುವ ಆಲೋಚನೆ ಇದ್ದರೆ ಇವುಗಳ ಸಹವಾಸವೇ ಬೇಡ.

ಮಣ್ಣು ಪುಡಿ ಮಾಡುವ ರೋಟಾವೇಟರಿಗೂ ನಾನು ಬೇಡ ಅಂತಲೇ ಹೇಳುವುದು. ಒಂಟಿ ಕ್ಲಚ್ ಇದ್ದರೆ ಗೇರ್ ಬದಲಿಸಲು ಕ್ಲಚ್ ಒತ್ತಿದಾಗ ಪಿಟಿಒ, ಅಂದರೆ ರೋಟಾವೇಟರ್ ತಿರುಗಿಸುವ ಹಿಂಬದಿಯ ಶಾಫ್ಟ್ ಕೂಡ ನಿಲ್ಲುತ್ತದೆ. ಮಗುಚಿದರೆ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟೂ ಇರುವುದಿಲ್ಲ. ಪಿಟಿಒ ಶಾಫ್ಟಿನ ಕವರ್ ಕಳೆದುಹೋಗಿದ್ದರೆ ಮೊದಲು ಅದನ್ನು ಹಾಕಿಸಿ, ಲುಂಗಿ ಅಂಚು ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಕೊನೆಗೆ ಆರ್‌ಸಿ. ಚಾಸಿ ನಂಬರನ್ನು ಗಾಡಿ ಮೇಲಿನದಕ್ಕೆ ತಾಳೆ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಿಸಿದ್ದಾರಾ ಕೇಳಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಪತ್ರ ಕೈಗೆ ಬರುವವರೆಗೆ ಅಡ್ವಾನ್ಸ್ ಕೂಡ ಕೊಡಬೇಡಿ.